ಅವಲಾಂಚ್‌ನಲ್ಲಿ ಕಿಕ್ ಬಾಕ್ಸಿಂಗ್: ರಿಂಗ್ ಕಟ್ಟುವ ಮೊದಲು

2022ರ ಜುಲೈ 10ರಂದು ಬೆಂಗಳೂರಿನ ಜ್ಞಾನಭಾರತಿ ಠಾಣೆ ವ್ಯಾಪ್ತಿಯಲ್ಲಿ ರಾಜ್ಯಮಟ್ಟದ ಕೆ-1 ಕಿಕ್ ಬಾಕ್ಸಿಂಗ್ ಪಂದ್ಯ ನಡೆಯಿತು. ಮೈಸೂರಿನಿಂದ ಹೋಗಿದ್ದ 23 ವರ್ಷದ ಹುಡುಗನೊಬ್ಬ ಎದುರಾಳಿಯ ಹೊಡೆತಕ್ಕೆ ರಿಂಗಿನಲ್ಲೇ ಕುಸಿದುಬಿದ್ದ. ಕೆಲವೇ ದಿನದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂಬುದು ಮನೆಯವರ ದೂರು. ನಿರ್ಲಕ್ಷ್ಯದಿಂದ ಸಾವು ಎಂದು ಪೊಲೀಸರು ಕೇಸು ದಾಖಲಿಸಿದರು.

ಇದನ್ನು ಈಗ ನೆನೆಯಲು ಕಾರಣವಿದೆ. ಕ್ಯಾರೆಟ್ ಲೋಡಿನ ನೆಪದಲ್ಲಿ ಊಟಿ ಕಡೆ ಹೋದಾಗಲೆಲ್ಲ ನಾನು ಎಮರಾಲ್ಡ್, ಅವಲಾಂಚ್‌ವರೆಗೂ ಹೋಗಿಬರುವುದುಂಟು. ಅಲ್ಲಿನ ಬಡಗ ಹಟ್ಟಿಗಳ ಹುಡುಗರಿಗೆ ನಮ್ಮ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಟೀ ಅಂಗಡಿಯಲ್ಲಿ ನಾಲ್ಕಾರು ಜನ ಸುತ್ತುವರಿದು ಕೇಳಿದರು: "ಅಣ್ಣಾ, ಇಲ್ಲೇ ಒಂದು ಟೂರ್ನಮೆಂಟ್ ಇಡೋಣ ಅಂತಿದೀವಿ. ಗುಂಡ್ಲುಪೇಟೆ, ಚಾಮರಾಜನಗರದಿಂದಲೂ ಹುಡುಗರು ಬರ್ತಾರೆ. ಏನೇ ಆದ್ರೂ ನಾವೇ ಜವಾಬ್ದಾರಿ ಅಂತ ಅವರ ಕೈಲಿ ಸಹಿ ಹಾಕಿಸ್ಕೊಂಡ್ರೆ ಸಾಕಲ್ವಾ?"

ಸಾಲದು. ಈ ಸಹಿಯ ಕಾಗದದ ಮೇಲೆ ನಮ್ಮವರಿಗೆ ಇರುವ ಭರವಸೆ ಕಂಡರೆ ನನಗೆ ಆಶ್ಚರ್ಯ. ಕಾನೂನು ಹೇಳುವುದು ಇಷ್ಟು. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 25ನೇ ಕಲಂ ಪ್ರಕಾರ, 18 ವರ್ಷ ದಾಟಿದವನು ತಾನಾಗಿ ಒಪ್ಪಿ ಆಟಕ್ಕಿಳಿದಾಗ, ನಿಯಮ ಮೀರದೆ ಆಡುವಾಗ ಆದ ಪೆಟ್ಟು ಅಪರಾಧವಲ್ಲ. ಕಾನೂನೇ ಕೊಟ್ಟಿರುವ ಉದಾಹರಣೆ ಇಬ್ಬರು ಮೋಜಿಗಾಗಿ ಆಡುವ ಕತ್ತಿವರಸೆ. ಆದರೆ ಸಾವು ಅಥವಾ ತೀವ್ರ ಗಾಯ ಆಗುವ ಸಂಭವ ಗೊತ್ತಿದ್ದೂ ಮಾಡಿದ್ದಕ್ಕೆ ಈ ರಕ್ಷಣೆ ಇಲ್ಲ. ಮುಖ್ಯವಾಗಿ, ಇದು ಹೊಡೆದವನ ಮಾತಾಯಿತು. ಡಾಕ್ಟರನ್ನು ಕರೆಸದೆ, ತೆಳು ಮ್ಯಾಟ್ ಹಾಸಿ, 55 ಕಿಲೋದವನ ಮುಂದೆ 70 ಕಿಲೋದವನನ್ನು ನಿಲ್ಲಿಸಿದ ಸಂಘಟಕನ ನಿರ್ಲಕ್ಷ್ಯಕ್ಕೆ ಆಟಗಾರನ ಸಹಿ ಮುಚ್ಚಳ ಆಗುವುದಿಲ್ಲ. ಅವನಿಗೆ ಕಾದಿರುವುದು 106ನೇ ಕಲಂ. ಹಳೇ 304ಎ ಅಡಿ ಗರಿಷ್ಠ ಎರಡು ವರ್ಷ ಶಿಕ್ಷೆ ಇತ್ತು, ಈಗ ಐದು ವರ್ಷದವರೆಗೆ ಆಗಬಹುದು.

ಹದಿನಾರು ಹದಿನೇಳರ ಹುಡುಗರನ್ನು ಇಳಿಸುವುದಂತೂ ಬೇಡವೇ ಬೇಡ ಎಂದೆ. ಅವರ ಒಪ್ಪಿಗೆಗೆ 25ನೇ ಕಲಮಿನಲ್ಲಿ ಬೆಲೆ ಇಲ್ಲ, ಕರಾರು ಕಾಯ್ದೆಯಲ್ಲೂ ಇಲ್ಲ. ದೊಡ್ಡವರ ಒಪ್ಪಿಗೆ ಪತ್ರವೂ ಅವರವರು ಓದುವ ಭಾಷೆಯಲ್ಲಿರಲಿ. ಗುಂಡ್ಲುಪೇಟೆ ಹುಡುಗನಿಂದ ತಮಿಳು ಫಾರಂಗೆ ಸಹಿ ಹಾಕಿಸಿಕೊಂಡರೆ, ನಾಳೆ ಅವನು 'ನಂಗೇನು ಬರ್ದಿತ್ತೋ ಗೊತ್ತಿಲ್ಲ' ಎಂದರೆ ಮುಗಿಯಿತು.

ಜಾಗದ ವಿಚಾರಕ್ಕೆ ಬಂದರೆ, ಕೆರೆ ಅಂಚಿನಲ್ಲಿ ರಿಂಗ್ ಹಾಕುವ ಆಸೆ ಹುಡುಗರದು. ಫೋಟೋ ಚೆನ್ನಾಗಿ ಬರುತ್ತದಂತೆ! ಅವಲಾಂಚ್ ಸುತ್ತ ಇರುವುದು ಅರಣ್ಯ ಮತ್ತು ಕುಂದಾ ಜಲವಿದ್ಯುತ್ ಯೋಜನೆಯ ನೆಲ. ಅನುಮತಿ ಇಲ್ಲದೆ ಗೂಟ ಹೊಡೆದರೆ ಮೊದಲ ಕೇಸು ಅರಣ್ಯ ಇಲಾಖೆಯದೇ. ಊರೊಳಗಿನ ಮೈದಾನವೇ ಲೇಸು, ಅದಕ್ಕೂ ಠಾಣೆಗೆ ಲಿಖಿತ ಅರ್ಜಿ ಬೇಕು. ಮೈಕ್‌ಗೆ ಬೇರೆ ಅನುಮತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಮಳೆಗಾಲ ಬೇಡ: 2019ರ ಆಗಸ್ಟ್‌ನಲ್ಲಿ ಇಲ್ಲಿ ಒಂದೇ ದಿನ 80 ಸೆಂ.ಮೀ. ದಾಟಿ ಮಳೆ ಸುರಿದು ದಾರಿಗಳೇ ಕೊಚ್ಚಿಹೋಗಿದ್ದವು. ಇನ್ನು ಬಾಜಿ ಕಟ್ಟುವ ಚಟ ನಮ್ಮ ಮಂಡಿ ಗೆಳೆಯರಲ್ಲಿ ಕೆಲವರಿಗೆ ಉಂಟು. ಅದು ಎರಡೂ ರಾಜ್ಯದಲ್ಲಿ ಅಪರಾಧ, ಸಂಘಟಕರನ್ನೂ ಎಳೆದುಕೊಂಡು ಹೋಗುತ್ತದೆ.

ನನ್ನ ಮಟ್ಟಿಗೆ ದೊಡ್ಡ ಭಯ ತಲೆಪೆಟ್ಟಿನದು. ಬಿದ್ದವನು ಎದ್ದು ನಿಂತು 'ಏನಾಗಿಲ್ಲ ಬಿಡ್ರಪ್ಪಾ' ಅನ್ನುತ್ತಾನೆ. ತಲೆಬುರುಡೆ ಒಳಗೆ ರಕ್ತ ಸೋರುತ್ತಿದ್ದರೆ ಗಂಟೆ ಎರಡು ಗಂಟೆ ಬಿಟ್ಟು ತಲೆನೋವು, ವಾಂತಿ, ಮಂಪರು ಶುರುವಾಗುತ್ತದೆ. ಅಷ್ಟರಲ್ಲಿ ಅವನು ವ್ಯಾನಿನಲ್ಲಿ ಮಲಗಿರುತ್ತಾನೆ, ಸುಸ್ತಾಗಿ ನಿದ್ದೆ ಎಂದು ಜೊತೆಯವರು ಸುಮ್ಮನಿರುತ್ತಾರೆ. ಹೆಡ್‌ಗಾರ್ಡ್ ಇದೆಯಲ್ಲ ಎಂದರು ಹುಡುಗರು. ಅದು ಹುಬ್ಬು ಸೀಳುವುದನ್ನು ತಪ್ಪಿಸುತ್ತದೆ, ಒಳಗೆ ಮಿದುಳು ಅಲುಗುವುದನ್ನಲ್ಲ. ಹವ್ಯಾಸಿ ಬಾಕ್ಸಿಂಗಿನಲ್ಲಿ ತಲೆಗೆ ಬಿದ್ದ ಏಟಿನಿಂದ ನಾಕೌಟ್ ಆದವನಿಗೆ ಕನಿಷ್ಠ 30 ದಿನ ರಿಂಗ್ ಬಂದ್. ಮೂರು ತಿಂಗಳೊಳಗೆ ಎರಡನೇ ಸಲವಾದರೆ 90 ದಿನ. ಊರ ಪಂದ್ಯಕ್ಕೂ ಇದನ್ನೇ ಇಟ್ಟುಕೊಳ್ಳಬೇಕು. ಕಳೆದ ತಿಂಗಳು ಎಲ್ಲಿ ಆಡಿದೆ, ಬಿದ್ದಿದ್ದೆಯಾ ಎಂದು ಹೆಸರು ಬರೆಸುವಾಗಲೇ ಕೇಳಬೇಕು. ತೂಕ ಇಳಿಸಲು ನೀರು ಬಿಟ್ಟು ಬಂದವನನ್ನು ವಾಪಸ್ ಕಳಿಸಬೇಕು. 2,000 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಬಯಲುಸೀಮೆ ಹುಡುಗ ಎರಡನೇ ರೌಂಡಿಗೇ ಏದುಸಿರು ಬಿಡುತ್ತಾನೆ.

ಅವಲಾಂಚ್‌ನಿಂದ ಊಟಿಗೆ ಸುಮಾರು 25 ಕಿ.ಮೀ., ಪೂರಾ ತಿರುವು. 108ಕ್ಕೆ ಫೋನ್ ಮಾಡಿ ಕಾಯುವ ಜಾಗ ಅಲ್ಲ ಅದು. ಆಂಬುಲೆನ್ಸ್ ರಿಂಗ್ ಪಕ್ಕವೇ ನಿಂತಿರಬೇಕು, ಅದು ಗಾಯಾಳುವನ್ನು ಕರೆದುಕೊಂಡು ಹೋದರೆ ಇನ್ನೊಂದು ಬರುವವರೆಗೂ ಪಂದ್ಯ ನಿಲ್ಲಬೇಕು. ಊಟಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಆದರೂ ತಲೆಯ ಆಪರೇಷನ್ ಅಲ್ಲೇ ಆಗುತ್ತದೋ, ಕೊಯಮತ್ತೂರಿಗೆ ಓಡಬೇಕೋ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ: ಬಂಡೀಪುರ-ಮುದುಮಲೆ ರಸ್ತೆ ರಾತ್ರಿ 9ಕ್ಕೆ ಬಂದ್. ಆಂಬುಲೆನ್ಸ್‌ಗೆ ವಿನಾಯಿತಿ ಉಂಟು, ಹುಡುಗರ ವ್ಯಾನಿಗೆ ಇಲ್ಲ. ಗೂಡಲೂರು ಮೇಲೆ ಇಳಿದು ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟಲು ಮೂರ್ನಾಲ್ಕು ಗಂಟೆ ಬೇಕು. ಗೇಟು ಸಿಗಲೆಂದು ಏಟು ತಿಂದವನನ್ನು ವ್ಯಾನಿಗೆ ತುಂಬುವ ಹಾಗಾಗಬಾರದು. ಮಧ್ಯಾಹ್ನ 2ಕ್ಕೆ ಕೊನೇ ಪಂದ್ಯ ಮುಗಿಸಿ, ಬಿದ್ದವರನ್ನು ರಾತ್ರಿ ಅಲ್ಲೇ ಉಳಿಸಿಕೊಳ್ಳಿ ಎಂದೆ.

ಇದೆಲ್ಲ ಪೇಟೆ ಮಾತು ಎಂದು ಒಬ್ಬ ಗೊಣಗಿದ. ಅಲ್ಲವೇ ಅಲ್ಲ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಪೈಲ್ವಾನರನ್ನು ಎದುರು ಬದುರು ನಿಲ್ಲಿಸಿ, ಸಮ ಜೋಡಿ ಅನ್ನಿಸಿದರೆ ಮಾತ್ರ ಕುಸ್ತಿ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಎಷ್ಟು ಉಗ್ರವಾದರೂ, ಬೋಳು ತಲೆಯಲ್ಲಿ ಮೊದಲ ಹನಿ ರಕ್ತ ಕಂಡ ಕ್ಷಣ ಉಸ್ತಾದರು ನಡುವೆ ಬಂದು ನಿಲ್ಲಿಸುತ್ತಾರೆ. ರಾಜವಂಶಸ್ಥರು ನೋಡುತ್ತಿದ್ದರೂ ಅಷ್ಟೇ, ಮುಂದುವರಿಸುವಂತಿಲ್ಲ. ಊರ ಪಂದ್ಯದ ರೆಫರಿಗೂ ಡಾಕ್ಟರಿಗೂ ಅದೇ ಅಧಿಕಾರ ಕೊಡಬೇಕು, ಬಹುಮಾನ ಕೊಡುವ ದಣಿ ಏನೇ ಕೂಗಲಿ.

ಹುಡುಗರು ಖರ್ಚು ಲೆಕ್ಕ ಹಾಕಿದರು. ಡಾಕ್ಟರ್, ಆಂಬುಲೆನ್ಸ್, ದಪ್ಪ ಮ್ಯಾಟ್, ಅಪಘಾತ ವಿಮೆ ಸೇರಿಸಿದರೆ ಕಪ್ಪು, ಶಾಲು, ಬ್ಯಾನರಿಗೆ ದುಡ್ಡು ಉಳಿಯುವುದಿಲ್ಲ. ವಿಮೆ ಪಾಲಿಸಿಯಲ್ಲಿ ಹೊಡೆದಾಟದ ಆಟಗಳನ್ನು ಹೊರಗಿಟ್ಟಿದ್ದಾರೋ ನೋಡಿ ಎಂದೂ ಹೇಳಿದೆ. ಹನ್ನೆರಡು ಜೋಡಿ ಅಂದುಕೊಂಡಿದ್ದನ್ನು ಆರಕ್ಕೆ ಇಳಿಸಿದ್ದಾರೆ. ಫೆಬ್ರವರಿಗೆ ಇಡುವ ಯೋಚನೆ, ಠಾಣೆಗೆ ಅರ್ಜಿ ಇನ್ನೂ ಹೋಗಿಲ್ಲ.