ಹಳೆಯ ಪಟ್ಟಿಗೆ ಹೊಸ ದೀಪ

ತಾಜಸುಲ್ತಾನಪುರದಿಂದ ಕಮಲಾಪುರದವರೆಗೆ ಚದುರಿರುವ ನಮ್ಮ ಕುಟುಂಬಗಳ ಮನೆಗಳಲ್ಲಿ ನಾಲ್ಕಡಿಯ ಹಳೆಯ ಟ್ಯೂಬ್‌ಲೈಟು ಇನ್ನೂ ಪೂರ್ಣವಾಗಿ ಮರೆಯಾಗಿಲ್ಲ. ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಾಗ ಅದು ಮಿಣುಕುತ್ತಾ, ತಡವರಿಸುತ್ತಾ, ಜಪಸರದ ಎರಡನೆಯ ರಹಸ್ಯ ಮುಗಿಯುವ ಹೊತ್ತಿಗೆ ಬೆಳಗುವುದನ್ನು ನಾವೆಲ್ಲರೂ ಕಂಡವರೇ. ಅದರ ಸ್ಥಾನಕ್ಕೆ ಎಲ್‌ಇಡಿ ಟ್ಯೂಬು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಒಂದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಅಪಾಯಕರವಾದುದು.

ಲಾಭದ ಬಗ್ಗೆ ಸಂಶಯವಿಲ್ಲ. ಹಳೆಯ ಟ್ಯೂಬು 36 ವ್ಯಾಟ್, ಅದರ ಚೋಕ್ ಸುಮಾರು 10 ವ್ಯಾಟ್ ಸೆಳೆಯುತ್ತದೆ. ಎಲ್‌ಇಡಿಗೆ 20 ವ್ಯಾಟ್ ಸಾಕು. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ಒಂದು ದೀಪಕ್ಕೆ ವರ್ಷಕ್ಕೆ ಸುಮಾರು 38 ಯೂನಿಟ್ ಉಳಿತಾಯ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಮನೆಗಳಿಗಷ್ಟೇ ಅನ್ವಯಿಸುವುದರಿಂದ, ದೇವಾಲಯದ ಬಿಲ್ಲನ್ನು ವಿಶ್ವಾಸಿಗಳ ಕಾಣಿಕೆಯೇ ಹೊರಬೇಕು. 2014ರಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯಕ್ಕೇ ಸುಮಾರು 7,000 ಎಲ್‌ಇಡಿಗಳನ್ನು ಅಳವಡಿಸಲಾಯಿತು. ಮರುವರ್ಷ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಅನಗತ್ಯ ದೀಪ ಆರಿಸುವಂತಹ ಸಣ್ಣ ಕಾರ್ಯವನ್ನೂ ಸೃಷ್ಟಿಯ ಪಾಲನೆಯಲ್ಲಿ ಎಣಿಸಿದರು.

ಇನ್ನು ಅಪಾಯದ ಮಾತು. ಹಳೆಯ ಪಟ್ಟಿಯೊಳಗೆ ಚೋಕ್, ಸ್ಟಾರ್ಟರ್ ಇರುತ್ತವೆ. ಕೆಲವು ಎಲ್‌ಇಡಿ ಟ್ಯೂಬುಗಳು ಚೋಕನ್ನು ಉಳಿಸಿಕೊಂಡು, ತಮ್ಮೊಡನೆ ಬರುವ ಬೇರೆ ಸ್ಟಾರ್ಟರಿನಿಂದ ಉರಿಯುತ್ತವೆ. ಇನ್ನು ಕೆಲವಕ್ಕೆ ಚೋಕನ್ನು ತೆಗೆದು ನೇರ ವಿದ್ಯುತ್ ಕೊಡಬೇಕು. ಇವುಗಳಲ್ಲಿಯೂ ಒಂದೇ ತುದಿಗೆ ಎರಡೂ ತಂತಿ ಕೊಡುವವು ಒಂದು ಬಗೆ, ಫೇಸ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ ಕೊಡುವವು ಮತ್ತೊಂದು ಬಗೆ. ಈ ಎರಡನೆಯ ಬಗೆಯದರಲ್ಲಿ ವಿದ್ಯುತ್ ಹರಿಯುತ್ತಿರುವಾಗ ಒಂದು ತುದಿಯನ್ನು ಸಿಕ್ಕಿಸಿದರೆ, ಕೈಯಲ್ಲಿರುವ ಮತ್ತೊಂದು ತುದಿಯ ಪಿನ್ನಿನಿಂದ ಆಘಾತವಾಗಬಹುದು. ಕ್ರಿಸ್ತ ಜಯಂತಿಯ ಹಿಂದಿನ ದಿನ ಏಣಿ ಹತ್ತುವವರು ನಮ್ಮ ಯುವಕರೇ ಅಲ್ಲವೇ? ಆಘಾತಕ್ಕಿಂತಲೂ ಏಣಿಯಿಂದ ಬೀಳುವುದು ಹೆಚ್ಚು ಭೀಕರವಾದೀತು. ಸ್ವಿಚ್ ಆರಿಸಿದರೆ ಸಾಲದು, ಮೇನ್ ಇಳಿಸಬೇಕು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಜೋಡಣೆಯಾಗಿರುವುದುಂಟು. ಆಗ ಸ್ವಿಚ್ ಆರಿಸಿದ ಮೇಲೂ ಪಟ್ಟಿಯಲ್ಲಿ ವಿದ್ಯುತ್ ಇರುತ್ತದೆ. ಆರಿಸಿದ ಎಲ್‌ಇಡಿ ರಾತ್ರಿಯೆಲ್ಲ ಮಂಕಾಗಿ ಹೊಳೆಯುತ್ತಿದ್ದರೆ ಇದೇ ಕಾರಣವಿರಬಹುದು. ಪವಾಡವೆಂದು ಮೊಂಬತ್ತಿ ಹಚ್ಚುವ ಮೊದಲು ವೈರ್‌ಮನ್‌ನನ್ನು ಕರೆಸುವುದು ಲೇಸು. ಚೋಕ್ ತೆಗೆದ ಪಟ್ಟಿಯ ಮೇಲೆ 'ಎಲ್‌ಇಡಿಗೆ ಮಾತ್ರ' ಎಂಬ ಚೀಟಿ ಅಂಟಿಸಬೇಕು; ಮುಂದೆ ಯಾರಾದರೂ ಅರಿಯದೆ ಹಳೆಯ ಟ್ಯೂಬು ಹಾಕಿದರೆ ಅದು ಸಿಡಿಯುವ ಸಂಭವವಿದೆ.

ಕಳಚಿದ ಹಳೆಯ ಟ್ಯೂಬುಗಳನ್ನು ಏನು ಮಾಡುತ್ತೇವೆ? ತಿಪ್ಪೆಗೆ ಎಸೆಯುತ್ತೇವೆ, ಮಕ್ಕಳು ಅದನ್ನು ಒಡೆದು ಆ ಸದ್ದಿಗೆ ನಲಿಯುತ್ತಾರೆ. ಪ್ರತಿಯೊಂದರೊಳಗೂ ಅಲ್ಪ ಪ್ರಮಾಣದ ಪಾದರಸವಿದೆ. ಆ ಕಾರಣಕ್ಕಾಗಿಯೇ 2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಾಮಾಟಾ ಒಪ್ಪಂದದ ರಾಷ್ಟ್ರಗಳು, ಇಂತಹ ಟ್ಯೂಬುಗಳ ತಯಾರಿಕೆಯನ್ನು 2027ರೊಳಗೆ ಕೊನೆಗಾಣಿಸಲು ನಿರ್ಧರಿಸಿದವು. ನಮ್ಮಲ್ಲಿಯೂ ಕಾನೂನಿನ ಪ್ರಕಾರ ಅವು ಇ-ತ್ಯಾಜ್ಯ. ನಾವೆಸೆದ ಗಾಜನ್ನು ಬರಿಗೈಯಲ್ಲಿ ಎತ್ತುವವರು ಚಿಂದಿ ಆಯುವ ಬಡವರೆಂಬುದನ್ನು ನೆನೆದರೆ, ಎಸೆಯಲು ಕೈ ಬಾರದು. ಅವನ್ನು ಒಡೆಯದಂತೆ ಹೊಸ ಟ್ಯೂಬಿನ ರಟ್ಟಿನ ಪೆಟ್ಟಿಗೆಯಲ್ಲೇ ತುಂಬಿ, ಬೇರೆಯಾಗಿ ಹೆಸರು ಬರೆದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಒಡೆದೇ ಹೋದರೆ ಕಿಟಕಿಗಳನ್ನು ತೆರೆದು, ಕಾಲು ಗಂಟೆ ಹೊರಗಿದ್ದು, ಪೊರಕೆ ಮುಟ್ಟದೆ ದಪ್ಪ ಕಾಗದದಿಂದ ಚೂರುಗಳನ್ನು ಬಳಿದು ಮುಚ್ಚಳವಿರುವ ಡಬ್ಬಿಗೆ ಹಾಕಬೇಕು.