ಕನ್ನಡಿಯ ಮುಂದಿನ ಮಾತು

ಪ್ರಶ್ನೆ: ದಿನಾ ಕನ್ನಡಿ ಮುಂದೆ ನಿಂತು ‘ನಾನು ಸುಂದರಿ’ ಎಂದು ಹೇಳಿಕೊಂಡರೆ ಮೈಬಣ್ಣ, ದಪ್ಪದ ಬಗೆಗಿನ ಕೀಳರಿಮೆ ಹೋಗುತ್ತದೆಯೇ?

ಉತ್ತರ: ನಿಮಗೇ ನಂಬಿಕೆಯಿಲ್ಲದ ಮಾತಾದರೆ ಅದು ತಿರುಗುಬಾಣವಾದೀತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಪ್ರೀತಿಗೆ ತಕ್ಕವಳು’ ಎಂಬರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಅಭಿಮಾನವಿದ್ದವರಿಗೆ ತುಸು ಹಿತವೆನಿಸಿತು. ಅದಿಲ್ಲದವರು ಇನ್ನಷ್ಟು ಕುಗ್ಗಿದರು. ಮದ್ದು ಬೇಕಿದ್ದವರಿಗೇ ಅದು ಒಗ್ಗಲಿಲ್ಲ! ಹೊಗಳಿಕೆ ಬಾಯಿಗೆ ಬಂದೊಡನೆ ಒಳಗಿನಿಂದ ‘ಸುಳ್ಳು’ ಎಂಬ ಎದುರುತ್ತರ ಏಳುವುದೇ ಇದಕ್ಕೆ ಕಾರಣವಿರಬೇಕು.

ಹಾಗಾಗಿ ಮಾತನ್ನು ಸ್ವಲ್ಪ ಕೆಳಗಿಳಿಸಿ. ‘ಈ ಕಾಲುಗಳು ಇವತ್ತು ನನ್ನನ್ನು ಮೂರು ಮಹಡಿ ಹತ್ತಿಸಿದವು’ ಎಂದರೆ ಮನಸ್ಸು ತಕರಾರು ಮಾಡಲಾರದು. ‘ನನ್ನ ಹೊಟ್ಟೆ ನನಗಿಷ್ಟ’ ಎನ್ನಲಾಗದ ದಿನ ‘ಇವತ್ತು ಅದನ್ನು ಬೈಯುವುದಿಲ್ಲ’ ಎಂದರೂ ಸಾಕು. ಅಂದಕ್ಕೆ ಸಂಬಂಧವೇ ಇಲ್ಲದ, ನಿಮಗೆ ಮುಖ್ಯವಾದ ವಿಷಯದ ಬಗ್ಗೆ, ಸ್ನೇಹವೋ ಸಂಗೀತವೋ, ನಾಲ್ಕು ಸಾಲು ಬರೆದುಕೊಳ್ಳುವ ದಾರಿಯೂ ಇದೆ. ಮನಶ್ಶಾಸ್ತ್ರಜ್ಞ ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ಸಿದ್ಧಾಂತ ಇದರ ಬೇರು.

ಮದುವೆಮನೆಯಲ್ಲಿ ‘ಏನೇ, ಇಷ್ಟು ದಪ್ಪ ಆಗಿದ್ದೀಯಾ’ ಎನ್ನುವವರ ಬಾಯಿ ಮುಚ್ಚಿಸುವ ಮಂತ್ರ ಮಾತ್ರ ನನಗೆ ಸಿಕ್ಕಿಲ್ಲ. ಊಟ ಬಿಡುವಷ್ಟು ಬೇಸರವಾಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.