ಯಂತ್ರ ಬರೆದ ಸೂತ್ರ

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನಲ್ಲಿರುವ ಘೋಣಸಗಿಯ ಸುತ್ತಣ ಸೀಮೆ ದ್ರಾಕ್ಷಿಯ ಸೀಮೆ. ಬೇಸಗೆ ತಲೆದೋರುತ್ತಲೇ ಶೆಡ್ಡುಗಳ ಬಲೆಯ ಮೇಲೆ ಹಣ್ಣು ಒಣಗತೊಡಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಮಾಲು ವಿಜಯಪುರಕ್ಕೋ, ಗಡಿಯಾಚೆಯ ತಾಸಗಾಂವ, ಸಾಂಗಲಿಗಳ ಪೇಟೆಗೋ ಸಾಗುತ್ತದೆ. ಇಂಥ ವ್ಯಾಪಾರದ ಲೆಕ್ಕ ಒಂದು ಕಾಲಕ್ಕೆ ಕೀರ್ದಿ, ಖಾತೆ ಪುಸ್ತಕಗಳಲ್ಲಿತ್ತು. ಈಗ ಅದು ಕಾಲೇಜಿಗೆ ಹೋಗುವ ಮಗನ ಮೊಬೈಲಿನ ಎಕ್ಸೆಲ್ ಹಾಳೆಗೆ ಬಂದಿದೆ. ಸೂತ್ರ ತಿಳಿಯದಿದ್ದರೂ ಚಿಂತೆಯಿಲ್ಲ. ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಯ ಸಹಾಯಕನನ್ನು ಕನ್ನಡದಲ್ಲಿ ಕೇಳಿದರೂ ಸಾಕು, ಕ್ಷಣಾರ್ಧದಲ್ಲಿ ಬರೆದುಕೊಡುತ್ತಾನೆ.

ವಾಚಕರು ಒಂದು ಲೆಕ್ಕವನ್ನು ಊಹಿಸಿಕೊಳ್ಳಲಿ. ಅಲ್ಲಿಯ ರೈತನೊಬ್ಬನು ನೆರೆಯವರ ಮಾಲನ್ನೂ ತನ್ನದರೊಡನೆ ಕೂಡಿಸಿ ಮಾರಿ, ಎಲ್ಲರಿಗೂ ಸರಾಸರಿ ದರದಂತೆ ಹಣ ಹಂಚುವೆನೆಂದು ಮಾತು ಕೊಟ್ಟಿದ್ದಾನೆ. ಮೊದಲ ದರ್ಜೆಯದು 300 ಕಿಲೋ, ಕಿಲೋಗೆ 200 ರೂಪಾಯಿ. ಎರಡನೆಯದು 100 ಕಿಲೋ, 150ರಂತೆ. ಮೂರನೆಯದು 50 ಕಿಲೋ, 80ರಂತೆ. ‘ದರದ ಸರಾಸರಿಗೆ ಸೂತ್ರ ಕೊಡು’ ಎಂದರೆ ಸಹಾಯಕನು ‘ಆವರೇಜ್’ ಸೂತ್ರವನ್ನು ಬರೆದುಕೊಟ್ಟರೆ ಆಶ್ಚರ್ಯವಿಲ್ಲ. ಉತ್ತರ 143 ರೂಪಾಯಿ 33 ಪೈಸೆ. ಸೂತ್ರದಲ್ಲಿ ಅಕ್ಷರದೋಷವಿಲ್ಲ, ಹಾಳೆಯೂ ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ. ಆದರೆ ಪೇಟೆಯಿಂದ ಬಂದ ಹಣ 79,000 ರೂಪಾಯಿ. ಈ ದರದಂತೆ 450 ಕಿಲೋಗೆ ಹಂಚಿದರೆ ಹೋಗುವುದು 64,500. ಉಳಿದ 14,500 ಯಾರದು? ನೆರೆಯವರು ಯಂತ್ರವನ್ನು ದೂರುವುದಿಲ್ಲ, ಹಣ ಎಣಿಸಿಕೊಟ್ಟವನನ್ನು ದೂರುತ್ತಾರೆ. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದ್ದರೆ ದರ 175 ರೂಪಾಯಿ 56 ಪೈಸೆಯಾಗುತ್ತಿತ್ತು.

ಯಂತ್ರವು ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ನಿಜ. ಹಳೆಯ ಕುಲಕರ್ಣಿಯಾಗಿದ್ದರೆ ‘ತೂಕ ಎಷ್ಟೆಷ್ಟು?’ ಎಂದು ಮೊದಲು ಗದರಿಸಿ ಕೇಳುತ್ತಿದ್ದನು. ಕೊನೆಗೆ ತೇರೀಜು ಕೂಡಿ ಶಿಲ್ಕಿನೊಡನೆ ತಾಳೆ ನೋಡದೆ ಪುಸ್ತಕ ಮುಚ್ಚುತ್ತಿರಲಿಲ್ಲ. ಸಹಾಯಕನು ಒಮ್ಮೊಮ್ಮೆ ಮರುಪ್ರಶ್ನೆ ಹಾಕುತ್ತಾನೆ, ಒಮ್ಮೊಮ್ಮೆ ಹಾಕುವುದಿಲ್ಲ. ಉತ್ತರ ಸರಿಯಿರಲಿ ತಪ್ಪಿರಲಿ, ಅವನ ಧಾಟಿಯಲ್ಲಿ ಅಳುಕೆಂಬುದಿಲ್ಲ.

ಹಾಗೆಂದು ಯಂತ್ರವೊಂದನ್ನೇ ಹಳಿಯುವುದು ನ್ಯಾಯವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸರ್ಕಾರಗಳ ಸಾಲ ಹಾಗೂ ಆರ್ಥಿಕ ಬೆಳವಣಿಗೆಗಳ ಸಂಬಂಧವನ್ನು ಕುರಿತು ಪ್ರಕಟಿಸಿದ ಪ್ರಬಂಧವು ಹಲವು ದೇಶಗಳ ರಾಜಕಾರಣದಲ್ಲಿ ಪ್ರಮಾಣವಾಗಿ ಉದ್ಧೃತವಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ಅವರ ಹಾಳೆಯನ್ನೇ ತರಿಸಿಕೊಂಡು ನೋಡಿದನು: ಸರಾಸರಿಯ ಸೂತ್ರವು ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿತ್ತು! ಲೇಖಕರು ಆ ಲೋಪವನ್ನು ಒಪ್ಪಿಕೊಂಡರು. ಅಲ್ಲಿ ಸೂತ್ರ ಬರೆದವರು ಮನುಷ್ಯರೇ.

2025ರ ಆಗಸ್ಟ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸೆಲ್ ಹಾಳೆಯ ಚೌಕದೊಳಗೇ ಉತ್ತರ ಕೊಡುವ ‘ಕೋಪೈಲಟ್’ ಎಂಬುದನ್ನು ಪ್ರಕಟಿಸಿದಾಗ, ಅಂಕಿಗಳ ಲೆಕ್ಕಕ್ಕೂ ಕರಾರುವಾಕ್ಕಾದ ಉತ್ತರ ಬೇಕಾದ ಕೆಲಸಕ್ಕೂ ಅದನ್ನು ನೆಚ್ಚಬಾರದೆಂದು ತಾನೇ ಎಚ್ಚರಿಸಿತು. ಯಂತ್ರದಿಂದ ಉತ್ತರವನ್ನೇ ಪಡೆದರೆ ಅದು ಬಂದ ದಾರಿ ಕಾಣದು. ಸೂತ್ರವನ್ನು ಪಡೆದರೆ ಅದು ಕಣ್ಣೆದುರು ಇರುತ್ತದೆ. ಮೂರು ಸಾಲಿನ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ, ಅದೇ ಮೂರು ಸಾಲಿಗೆ ಸೂತ್ರ ಏನು ಹೇಳುತ್ತದೆಂದು ನೋಡಲು ಐದು ನಿಮಿಷ ಸಾಕು.

ನೋಡುವಾಗ ಚೌಕಗಳಲ್ಲಿ ಬರೆದದ್ದನ್ನೂ ನೋಡಬೇಕು. ‘50 ಕಿಲೋ’ ಎಂದು ಅಂಕಿಗೆ ಅಕ್ಷರ ಹತ್ತಿಸಿದ ಚೌಕವನ್ನು ಕೂಡುವ ಸೂತ್ರವಾದ ‘ಸಮ್’ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಮೇಲಿನ ಲೆಕ್ಕದಲ್ಲಾದರೆ 450 ಕಿಲೋ ಇರಬೇಕಾದಲ್ಲಿ 400 ಎಂದು ತೋರಿಸುತ್ತದೆ.